ವಿಮಾನದ ಹಿಂದಿನ ಸೀಟು

ಸಕಲೇಶಪುರದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ನಟರಾಜ್ ಆ ದಿನ ಬೆಳಿಗ್ಗೆ ತಿಂಡಿ ತಿನ್ನಲಿಲ್ಲ. ಹಿಂದಿನ ದಿನವೂ ಬರೀ ಮಜ್ಜಿಗೆ. ಇದಕ್ಕೆಲ್ಲ ಕಾರಣ ಒಂದು ವಿಮಾನ.

ಕುಂದೂರಿನ ಹತ್ತಿರ, ವಿಶಾಲಮ್ಮನವರ ಎಸ್ಟೇಟಿನ ಕಾಫಿ ಸ್ಟೋರಿನಲ್ಲಿ ಎರಡು ಸೀಟಿನ ಹಳೆಯ ವಿಮಾನ ಧೂಳು ತಿನ್ನುತ್ತಾ ನಿಂತಿತ್ತು. ಅವರ ಯಜಮಾನರು ಬದುಕಿದ್ದಾಗ ಶೋಕಿಗೆ ಹಾರಿಸುತ್ತಿದ್ದದ್ದು. ಈಗ ಪೈಲಟ್ ಆಗಿರುವ ಮೊಮ್ಮಗ ಅಭಿಲಾಷ್ ಅದರ ಇಂಜಿನ್ ರಿಪೇರಿ ಮಾಡಿಸಿದ್ದ. ಬಣ್ಣದ ಕೆಲಸ ನಟರಾಜನ ಪಾಲಿಗೆ ಬಂತು.

"ಚೆನ್ನಾಗ್ ಮಾಡಪ್ಪ. ಮೊದಲ್ನೇ ಸಲ ಹಾರುವಾಗ ಹಿಂದಿನ ಸೀಟು ನಿಂದೇ," ಎಂದು ವಿಶಾಲಮ್ಮ ಮಾತು ಕೊಟ್ಟರು. ವಿಮಾನ ಚಿಕ್ಕದು, ಕೂರುವವರು ಹಗುರ ಇರಬೇಕು ಎಂದು ಅಭಿಲಾಷ್ ಫೋನಿನಲ್ಲಿ ಷರತ್ತು ಹಾಕಿದ.

ನಟರಾಜ್ ಅದುವರೆಗೆ ಹತ್ತಿದ್ದ ಎತ್ತರವೆಂದರೆ ಲಾರಿಯ ಟಾಪು. ಆಸೆಗೆ ಅವನಿಗೆ ನಿದ್ದೆಯೇ ಬರಲಿಲ್ಲ. "ಮಧ್ಯಾಹ್ನ ಕೆಂಪು ಸೀರೆ ಉಟ್ಕಂಡು ತಾರಸಿ ಮೇಲೆ ನಿಂತ್ಕ. ಮೇಲಿಂದ ಕೈ ಬೀಸ್ತೀನಿ," ಎಂದು ಹೆಂಡತಿ ಜಗದಾಂಬಳಿಗೆ ಹೇಳಿದ್ದ. ಅವಳು ಇಡೀ ಬೀದಿಗೆ ಹೇಳಿದ್ದಳು.

ಎಸ್ಟೇಟಿನಲ್ಲಿ ಅಡುಗೆಯ ಕಲ್ಯಾಣಮ್ಮ ಅಕ್ಕಿರೊಟ್ಟಿ ಹಿಡಿದು ಅಡ್ಡ ನಿಂತಳು.

"ಬ್ಯಾಡ ಕಣಕ್ಕ, ತೂಕ ಏರ್ತದೆ."

"ಒಂದ್ ರೊಟ್ಟಿಗೆ ವಿಮಾನ ಬಿದ್ದೋಗ್ಬುಡ್ತದಾ? ಹಸ್ಕಂಡ್ ಕೆಲ್ಸ ಮಾಡಿದ್ರೆ ಆಡ್ಕಳೋದು ನನ್ನ!"

ಅವಳ ಮುಖ ಬಾಡಿದ್ದು ನೋಡಲಾಗದೆ ನಟರಾಜ್ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ.

ಸ್ಟೋರಿನ ಅಂಗಳಕ್ಕೆ ತಂದು ನಿಲ್ಲಿಸಿದ್ದ ವಿಮಾನದ ಸುತ್ತ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚಂದ್ರಶೇಖರ ಹೆಣ್ಣು ನೋಡಲು ಬಂದವನಂತೆ ತಿರುಗುತ್ತಿದ್ದ. ರೆಕ್ಕೆಯ ಮೇಲೆ ಮೊಳೆಗಳ ತಲೆ ಕಾಣುತ್ತವೆಂದು ಹಿಂದಿನ ವಾರ ಪುಟ್ಟಿ ಮೆತ್ತಿಸಿದವನು ಅವನೇ. ಆಮೇಲೆ ನೀಲಿ ಸಾಲದೆಂದು ಮತ್ತೊಂದು ಕೋಟ್ ಹೊಡೆಸಿದ್ದ.

"ಇಬ್ಬನಿಗೆ ಮಂಕಾಗೈತೆ ಕಣೋ ಮಾರಾಯ. ಇನ್ನೊಂದ್ ಕೋಟ್ ಎಳ್ದ್ಬುಡು," ಎಂದ ಅವನು.

"ಹೂಂ, ಯಜಮಾನ್ರ ಗಾಡಿ, ಮಿಂಚ್ಬೇಕು," ಎಂದರು ಪಕ್ಕದಲ್ಲೇ ನಿಂತಿದ್ದ ವಿಶಾಲಮ್ಮ.

ಹೊಟ್ಟೆ ಚುರುಗುಟ್ಟುತ್ತಿದ್ದರೂ ನಟರಾಜ್ ಮತ್ತೊಂದು ಕೋಟ್ ಹೊಡೆದ. ಬಿಸಿಲಿಗೆ ಒಣಗಿದ ವಿಮಾನದ ಹೊಳಪಿನಲ್ಲಿ ತಮ್ಮ ಮುಖ ಕಂಡು ವಿಶಾಲಮ್ಮ ಕಣ್ಣೊರೆಸಿಕೊಂಡರು.

ಮಧ್ಯಾಹ್ನ ಅಭಿಲಾಷ್ ಬಂದ. ಕಾಫಿ ಮೂಟೆ ತೂಗುವ ಯಂತ್ರದ ಮೇಲೆ ನಟರಾಜ್ ಚಪ್ಪಲಿ ಬಿಚ್ಚಿ, ರೊಟ್ಟಿ ಕೆಳಗಿಟ್ಟು, ಉಸಿರು ಬಿಗಿಹಿಡಿದು ನಿಂತ.

"ಪಾಸ್, ನಟರಾಜಣ್ಣ! ಈಗ ವಿಮಾನ ತೂಗೋಣ."

ಮೂರು ಚಕ್ರದ ಕೆಳಗೂ ಒಂದೊಂದು ತೂಕದ ಯಂತ್ರ ಇಟ್ಟರು. ಅಭಿಲಾಷ್ ಲೆಕ್ಕ ಹಾಕಿದ, ಮತ್ತೆ ಹಾಕಿದ. ಆಮೇಲೆ ರೆಕ್ಕೆಯನ್ನು ಉಗುರಿನಿಂದ ಕೆರೆದು ನೋಡಿದ.

"ಇದಕ್ಕೆ ಏನೇನ್ ಹೊಡೆದಿದ್ದೀರಾ?"

"ಲಾರಿಗ್ ಹೊಡ್ದಂಗೇ ಸಾರ್. ಪುಟ್ಟಿ ತುಂಬಿ, ಮ್ಯಾಲೆ ಇವ್ರು ಹೇಳ್ದಂಗೆಲ್ಲಾ ಒಂದೊಂದ್ ಕೋಟು."

"ಒಬ್ಬ ಆಳಿನ ತೂಕ ಬಣ್ಣದಲ್ಲೇ ಇದೆ ಅಣ್ಣ. ಕೆರೆದು ತೆಗೆಯೋತನಕ ನಾನೊಬ್ಬನೇ ಹಾರ್ಬೇಕು."

"ತೆಳ್ಳಗ್ ಹೊಡಿ ಅಂತ ನಾನ್ ಅವತ್ತೇ ಬಡ್ಕಂಡೆ," ಎಂದ ಚಂದ್ರಶೇಖರ.

ಎಸ್ಟೇಟಿನ ಹುಲ್ಲು ಬಯಲಿನಿಂದ ನೀಲಿ ವಿಮಾನ ಎದ್ದು ಸಕಲೇಶಪುರದ ಕಡೆ ಹೋಯಿತು. ನಟರಾಜ್ ಅದು ಮರೆಯಾಗುವವರೆಗೂ ನಿಂತು ನೋಡಿದ. ಇಷ್ಟು ಚೆಂದದ ಕೆಲಸ ತನ್ನ ಜನ್ಮದಲ್ಲೇ ಮಾಡಿರಲಿಲ್ಲ. ಅದು ವಾಪಸ್ಸು ಬಂದು ಇಳಿದಾಗಲೂ ಅವನು ಹುಲ್ಲಿನ ಮೇಲೆ ಕೂತೇ ಇದ್ದ. ಫೋನ್ ಬಡಿದುಕೊಂಡಿತು.

"ರೀ, ಇಳಿದ್ರಾ?" ಜಗದಾಂಬಳ ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು. "ನೀವ್ ಕೈ ಬೀಸಿದ್ದು ಎಷ್ಟ್ ಚೆನ್ನಾಗ್ ಕಾಣ್ತು! ಬೀದಿಯೋರೆಲ್ಲಾ ಚಪ್ಪಾಳೆ ಹೊಡೆದ್ರು!"

ಅವನಿಗೆ ನಿಜ ಹೇಳಲು ಮನಸ್ಸಾಗಲಿಲ್ಲ. "ಹೂಂ... ಇಳ್ದೆ."

"ನಾನ್ ಕಂಡ್ನಾ?"

"ಕಾಣ್ದೆ ಏನು? ಕೆಂಪು ಸೀರೆ ಎದ್ದು ಕಾಣ್ತಿತ್ತು."

ಜಗದಾಂಬಳ ದನಿ ಬದಲಾಯಿತು.

"ಕೆಂಪು ಸೀರೆ ಒಣಗಿರ್ಲಿಲ್ಲ. ನಾನ್ ಉಟ್ಟಿದ್ದು ಹಸಿರು. ಯಾವಳ್ನ ನೋಡ್ಕಂಡ್ ಕೈ ಬೀಸಿದ್ರಿ?"

ಹಾಗಾದರೆ ನಿನಗೆ ಕೈ ಬೀಸಿದ್ದು ಯಾರೇ ಎಂದು ಕೇಳಲು ನಟರಾಜ್ ಬಾಯಿ ತೆರೆದ. ಕೇಳಿದರೆ ತಾನು ಹಾರಲೇ ಇಲ್ಲವೆಂಬುದು ಇಡೀ ಬೀದಿಗೆ ಗೊತ್ತಾಗುತ್ತಿತ್ತು. ತೆರೆದ ಬಾಯಿಗೆ ತಣ್ಣಗಾದ ರೊಟ್ಟಿ ಇಟ್ಟುಕೊಂಡ.