ಕ್ಲಚ್ ಆಮೇಲೆ, ಮೊದಲು ಮಂಡೆ

ಪುತ್ತೂರಿನಲ್ಲಿ ಕಾರು ಕಲಿಸುವುದು ನನ್ನ ಕೆಲಸ. ಕಲಿಯುವವರು ಹೆದರಿದಾಗ ಒತ್ತಲು ನನ್ನ ಕಾಲಬುಡದಲ್ಲಿಯೂ ಒಂದು ಬ್ರೇಕ್ ಉಂಟು. ಆದರೆ ಅವರ ಮಂಡೆಯೊಳಗೆ ಓಡುವುದಕ್ಕೆ ಯಾವ ಕಂಪೆನಿಯೂ ಬ್ರೇಕ್ ಇಟ್ಟಿಲ್ಲ. ಹಾಗಾಗಿ ಒಂದು ದಿನ ನನ್ನ ಕಾರಿನಲ್ಲಿ ಏನೂ ಆಗಲಿಲ್ಲ ಎಂದರೆ, ಅವತ್ತು ಕಾರು ಗ್ಯಾರೇಜಿನಲ್ಲಿತ್ತು ಎಂದೇ ಅರ್ಥ.

ರಸ್ತೆಯೇ ಕ್ಲಾಸು

ನಿವೃತ್ತ ಟೀಚರೊಬ್ಬರು ಕಲಿಯಲು ಬಂದರು. "ರಸ್ತೆಯಲ್ಲಿ ಯಾರಿಗೂ ಹೆದರಬಾರದು ಟೀಚರೇ" ಎಂದು ಮೊದಲ ದಿನವೇ ಹೇಳಿಬಿಟ್ಟೆ. ಹೇಳಬಾರದಿತ್ತು.

ಹಿಂದಿನಿಂದ ಒಂದು ಬಸ್ಸು ಒಂದೇ ಸಮನೆ ಹಾರ್ನ್ ಹೊಡೆಯಿತು. ಟೀಚರು ನಡುರಸ್ತೆಯಲ್ಲೇ ಕಾರು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ಇಳಿದು, ಬಸ್ಸಿನ ಕಿಟಕಿಯ ಬುಡಕ್ಕೆ ಹೋಗಿ, "ಎಂತ ಅದು ಗಲಾಟೆ? ನಿನಗೆ ಮಾತ್ರ ಅರ್ಜೆಂಟಾ?" ಎಂದರು. ಮೀಸೆ ತಿರುವಿದ್ದ ಡ್ರೈವರು "ಇಲ್ಲ ಟೀಚರೇ" ಎಂದು ಎದ್ದೇ ನಿಂತ. ಬಸ್ಸಿನೊಳಗೂ ಪಿಟ್ಟೆನ್ನುವ ಸದ್ದಿಲ್ಲ.

ಆಮೇಲೊಂದು ದಿನ ಆ ಡ್ರೈವರು ಸಿಕ್ಕಿದಾಗ ಕೇಳಿದೆ, "ನೀವು ಅವರ ಶಿಷ್ಯರಾ?"

"ಅಲ್ಲ ಮಾರಾಯ್ರೆ, ಅವರು ಯಾರೂಂತಲೇ ಗೊತ್ತಿಲ್ಲ. ಆದ್ರೆ ಆ ಸ್ವರ ಕೇಳಿದ ಕೂಡ್ಲೆ ಕೈ ತನ್ನಷ್ಟಕ್ಕೇ ಕಟ್ಟಿ ಹೋಯ್ತು. ಸ್ಟೇರಿಂಗ್ ಹಿಡಿಯುವವರು ಯಾರು?"

ಮರ್ಯಾದಸ್ಥರು

ನಾನು ಸುಳ್ಯಕ್ಕೇ ಹೋಗಿ ಕಲಿಸುತ್ತಿದ್ದ ಆಲೆಟ್ಟಿ ಕಡೆಯ ಕೃಷಿಕರೊಬ್ಬರು, ಬಹಳ ಮರ್ಯಾದಸ್ಥರು. ಸುಳ್ಯದಲ್ಲಿ ಅವರ ಪರಿಚಯ ಇಲ್ಲದವರು ಯಾರೂ ಇಲ್ಲ. ದಾರಿಯಲ್ಲಿ ಯಾರು ಕಂಡರೂ ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿ ನಮಸ್ಕಾರ.

"ಅಣ್ಣೇರೆ, ಕೈ ಬಿಡಬೇಡಿ. ತಲೆ ಆಡಿಸಿದ್ರೆ ಸಾಕು" ಎಂದೆ. ತಲೆ ಬಗ್ಗಿಸಿದರು, ಭಕ್ತಿಯಿಂದ ಕಣ್ಣೂ ಮುಚ್ಚಿದರು. ಬ್ರೇಕ್ ನಾನೇ ಒತ್ತಿದೆ.

"ಅದೂ ಬೇಡ. ಸಣ್ಣಕ್ಕೆ ಒಂದು ಹಾರ್ನ್ ಹೊಡೀರಿ, ಅವರಿಗೆ ಗೊತ್ತಾಗ್ತದೆ."

ಹೊಡೆದರು. ಚೀಲ ಹಿಡಿದು ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿ, ಓಡಿ ಬಂದು, ಹಿಂದಿನ ಬಾಗಿಲು ತೆಗೆದು ಕೂತರು. "ಬಸ್ಸು ತಪ್ಪಿತ್ತು. ನೀವಾಗಿಯೇ ಕರೆದದ್ದು ಒಳ್ಳೆದಾಯ್ತು" ಎಂದರು.

ಇಳಿಯಿರಿ ಎನ್ನಲು ನಮ್ಮ ಕೃಷಿಕರಿಗೆ ಮರ್ಯಾದೆ ಬಿಡಲಿಲ್ಲ. ಅವತ್ತಿನ ಕ್ಲಾಸು ಆ ಚೀಲದವರ ಊರು ಕಲ್ಲುಗುಂಡಿಯವರೆಗೆ ಹೋಯಿತು.

ಸ್ವಲ್ಪವೂ ನೋಯುವುದಿಲ್ಲ

ಒಬ್ಬರು ಹಲ್ಲಿನ ಡಾಕ್ಟ್ರು. ಎದುರಿಗೆ ಲಾರಿ ಕಂಡರೆ ಸಾಕು, ಸೀಟಿಗೆ ಒರಗಿ ಬಾಯಿ ತೆರೆದು ಕೂತುಬಿಡುತ್ತಿದ್ದರು.

ನಾನು ಆದಷ್ಟು ಮೆತ್ತಗೆ, "ಡಾಕ್ಟ್ರೇ, ಹೆದರಬೇಡಿ. ಎಂತದೂ ಆಗುದಿಲ್ಲ. ಈಗ ಮುಗೀತದೆ" ಎಂದೆ.

ಅವರು ಇನ್ನಷ್ಟು ಬೆವರಿದರು. "ಅದನ್ನು ಮಾತ್ರ ಹೇಳಬೇಡಿ ಮಾರಾಯ್ರೆ! ದಿನಾ ನಾನೇ ಹೇಳುದು. ಅದು ಸುಳ್ಳು!"

ಪಕ್ಕದಲ್ಲಿ ನಾನು

ಕಡಬದಲ್ಲಿ ಟೈಲರ್ ಅಂಗಡಿ ಇಟ್ಟಿರುವ ಅಕ್ಕ ಒಬ್ಬರು ಚಂದ ಕಲಿತರು, ಲೈಸೆನ್ಸೂ ಸಿಕ್ಕಿತು, ಕಾರೂ ಬಂತು. ಆದರೆ ಪಕ್ಕದಲ್ಲಿ ನಾನಿಲ್ಲದಿದ್ದರೆ ಅವರ ಕಾಲು ಕ್ಲಚ್ಚಿನಿಂದ ಏಳುವುದೇ ಇಲ್ಲ.

"ನಾನು ಪಕ್ಕದಲ್ಲಿ ಇದ್ದೇನೆ ಅಂತಲೇ ಗ್ರಹಿಸಿ ಅಕ್ಕ. ಎಲ್ಲ ಮನಸ್ಸಿನಲ್ಲಿ ಇರುದು" ಎಂದೆ.

"ಗ್ರಹಿಸಿದ್ರೆ ಸಾಕಾಗುದಿಲ್ಲ. ನಿಮ್ಮದೊಂದು ಹಳೆ ಅಂಗಿ ಕೊಡಿ" ಎಂದರು.

ನೆಂಪಿಗೆ ಇರಬೇಕು ಎಂದುಕೊಂಡು ನನ್ನ ಚೌಕುಳಿ ಅಂಗಿ ಕೊಟ್ಟೆ. ಅವರು ಅದಕ್ಕೆ ಬಟ್ಟೆ ಚೂರು ತುಂಬಿಸಿ, ಮಂಡೆ ಹೊಲಿದು, ಟೊಪ್ಪಿ ಇಟ್ಟು, ಕಪ್ಪು ನೂಲಿನಲ್ಲಿ ನನ್ನದೇ ಮೀಸೆ ಕಟ್ಟಿ, ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರು. ಒಬ್ಬರೇ ಕಡಬದಿಂದ ಪುತ್ತೂರಿಗೆ ಹೂವಿನ ಹಾಗೆ ಕಾರು ತಂದರು.

ಇದು ಯಾವುದೂ ಆಗ ನನಗೆ ಗೊತ್ತಿಲ್ಲ. ಪುತ್ತೂರು ಪೇಟೆಯಲ್ಲಿ ನನ್ನ ಹೆಂಡತಿಯ ತಮ್ಮ ನೋಡಿದ. ಕೂಡಲೇ ಅವಳಿಗೆ ಫೋನು: "ಭಾವ ಯಾರೋ ಹೆಂಗಸಿನ ಹೊಸ ಕಾರಲ್ಲಿ ತಿರುಗ್ತಾ ಇದ್ದಾರೆ! ಕೈ ತೋರಿಸಿದೆ. ನನ್ನನ್ನು ನೋಡಿಯೂ ನೋಡದ ಹಾಗೆ ಹೋದ್ರು."

ಅಷ್ಟರಲ್ಲಿ ಟೈಲರ್ ಅಕ್ಕ ನನಗೂ ಖುಷಿಯಲ್ಲಿ ಫೋನು ಮಾಡಿ ವಿಷಯ ಹೇಳಿದರು. ಹಿಂದೆಯೇ ಭಾವಮೈದನ ಫೋನು ಬಂತು: "ಭಾವ, ನಿಮ್ಮನ್ನು ಆ ಕಾರಲ್ಲಿ ನೋಡಿದೆ. ಅಕ್ಕನಿಗೆ ಎಲ್ಲ ಹೇಳಿದ್ದೇನೆ." ಗೊಂಬೆ, ಅಂಗಿ, ಮೀಸೆ ಎಂದರೆ ಯಾವ ಹೆಂಡತಿ ನಂಬುತ್ತಾಳೆ? ದಾರಿಯುದ್ದಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡು ಮನೆಗೆ ಬಂದೆ.

ಅವಳು ಆರಾಮವಾಗಿ ಮಧ್ಯಾಹ್ನದ ಊಟ ಬಡಿಸುತ್ತಿದ್ದಳು.

"ತಮ್ಮ ಫೋನು ಮಾಡಿದ್ನಾ?" ಎಂದೆ ಮೆಲ್ಲಗೆ.

"ಮಾಡಿದ. ಅದು ನೀವಲ್ಲ ಅಂತ ನಾನು ಆಗಲೇ ಹೇಳಿದೆ."

ನನಗೆ ಕಣ್ಣು ತುಂಬಿ ಬಂತು. "ನನ್ನ ಮೇಲೆ ಅಷ್ಟು ನಂಬಿಕೆಯಾ ನಿನಗೆ?"

"ನಂಬಿಕೆ ಎಂತದು?" ಎಂದಳು, ಸಾರಿಗೆ ಸೌಟು ಹಾಕುತ್ತಾ. "ಹೆಂಗಸು ಕಾರು ಬಿಡ್ತಾ ಇತ್ತು, ಭಾವ ಪಕ್ಕದಲ್ಲಿ ಬಾಯಿ ಮುಚ್ಚಿ ಕೂತಿದ್ರು ಅಂತ ಹೇಳಿದ. ನೀವಾಗ್ಲಿಕ್ಕೆ ಸಾಧ್ಯವೇ ಇಲ್ಲ!"