ಕಾರಿನಲ್ಲಿ ಕೂತು ಸಿನೆಮಾ

ಮಡಂತ್ಯಾರಿನ ಬಾಡಿಗೆ ಕಾರಿನ ಜತ್ತಪ್ಪನ ತಲೆಗೆ ಆ ಹುಳ ಹೊಕ್ಕಿದ್ದು ಕ್ಷೌರದಂಗಡಿಯಲ್ಲಿ. ಹಳೆಯ ವಾರಪತ್ರಿಕೆಯಲ್ಲೊಂದು ಚಿತ್ರ: ಅಮೆರಿಕದ ಬಯಲಿನಲ್ಲಿ ಸಾಲು ಸಾಲು ಕಾರು, ಎದುರಿಗೆ ಮನೆಯಷ್ಟು ದೊಡ್ಡ ಪರದೆ, ಜನ ಕಾರಿನಲ್ಲೇ ಕಾಲು ಚಾಚಿ ಸಿನೆಮಾ ನೋಡುತ್ತಿದ್ದಾರೆ. ಅರ್ಧ ಗಡ್ಡದಲ್ಲೇ ಜತ್ತಪ್ಪ ಎದ್ದ. ಮನುಷ್ಯ ಕಂಡುಹಿಡಿದ ಸುಖಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ನನಗೂ ಹಾಗೇ ಅನಿಸುತ್ತದೆ, ಬಿಡಿ.

ಊರಿನ ಕೊಯ್ಲಾದ ಗದ್ದೆಯಲ್ಲಿ ಅಬ್ದುಲ್ ಶುಕೂರ್ ಸಾಹೇಬರ ಟೂರಿಂಗ್ ಟಾಕೀಸು ಇತ್ತು. ಜನ ಬಾರದೆ ಅಂದೇ ಕೊನೆಯ ಆಟ. ಜತ್ತಪ್ಪನ ಹೆಂಡತಿ ಸುಂದರಿಯೋ ಹುಟ್ಟಿದಂದಿನಿಂದ ಒಂದೂ ಸಿನೆಮಾ ಕಂಡವಳಲ್ಲ. "ನಾಳೆ ತೋರಿಸ್ತೇನೆ" ಎನ್ನುತ್ತಲೇ ಗಂಡ ಆರು ವರ್ಷ ದೂಡಿದ್ದ. ಇನ್ನು ನಾಳೆ ಎನ್ನುವಂತಿರಲಿಲ್ಲ.

"ಸಾಹೇಬ್ರೆ, ಡೇರೆಯ ಹಿಂದಿನ ಬಟ್ಟೆ ಎತ್ತಿಬಿಡಿ. ಕಾರಿನಲ್ಲೇ ಕೂತು ನೋಡುವ ಹಾಗೆ ಮಾಡುವ."

"ಈ ಊರಲ್ಲಿ ಕಾರು ಎಷ್ಟುಂಟು ಮಾರಾಯ್ರೆ?"

"ನನ್ನದೊಂದು. ಉಳಿದವರು ಎತ್ತಿನ ಗಾಡಿ ತರಲಿ. ಅದಕ್ಕೂ ಚಕ್ರ ಉಂಟಲ್ಲ!"

ಅಂದಿನ ಬಾಡಿಗೆ ಬಿಟ್ಟು ಜತ್ತಪ್ಪ ಸಿದ್ಧಕಟ್ಟೆ ಊರಿನವರೆಗೂ ಸುದ್ದಿ ಕೂಗಿಕೊಂಡು ಬಂದ. ಸಂಜೆಗೆ ಇಪ್ಪತ್ತಮೂರು ಗಾಡಿ! ಚಾಪೆ, ಚಕ್ಕುಲಿ, ಅಜ್ಜಿಯಂದಿರ ಸಮೇತ ಊರಿಗೆ ಊರೇ ಬಂದಿತ್ತು. ನಡುವೆ ಮದುಮಗನ ಹಾಗೆ ಜತ್ತಪ್ಪನ ಕಾರು. ಮುಂದಿನ ಸೀಟಿನಲ್ಲಿ ಸುಂದರಿಯ ಪಕ್ಕ ಅವನು ಇನ್ನೂ ಸರಿಯಾಗಿ ಕೂತಿರಲಿಲ್ಲ, ನೆರೆಮನೆಯ ಸೇಸಮ್ಮ ಬಾಗಿಲು ತೆರೆದರು.

"ನನಗೆ ಮಂಡಿನೋವು ಮಗ, ಸ್ವಲ್ಪ ಜಾಗ ಕೊಡು."

ಅವರ ಹಿಂದೆಯೇ ಕಾವೇರಮ್ಮ, ಕಾವೇರಮ್ಮನ ಹಿಂದೆ ಧರ್ಣಪ್ಪ ಮಾಸ್ತರು. ಮತ್ತೂ ಯಾರ್ಯಾರೋ ಸೇರಿ ಕಾರಿನಲ್ಲಿ ಎಂಟು ಜನ. ಆದರೂ ಜತ್ತಪ್ಪನಿಗೆ ಖುಷಿಯೇ.

ಪರದೆಯ ಮೇಲೆ ಮನುಷ್ಯರು ಓಡಾಡತೊಡಗಿದರು. ಸುಂದರಿ ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಾಯಕಿ ಬಾಯಿ ತೆರೆದಳು, ಸ್ವರ ಬರಲಿಲ್ಲ. ಧ್ವನಿಪೆಟ್ಟಿಗೆಯ ಬ್ಯಾಟರಿ ಸತ್ತಿತ್ತು.

"ಜತ್ತಪ್ಪಣ್ಣ, ನಿಮ್ಮ ಕಾರಿನದ್ದು ಕೊಡಿ!" ಸಾಹೇಬರು ಓಡಿ ಬಂದರು.

ಅದು ತುಕ್ಕು ಹಿಡಿದು ಕಾರಿಗೇ ಅಂಟಿತ್ತು. ಕೊನೆಗೆ ತಂತಿಯನ್ನೇ ಕಾರಿನವರೆಗೆ ಎಳೆದರು. ಬ್ಯಾಟರಿಯ ಮೇಲೆ ತಂತಿ ನಿಲ್ಲದ್ದರಿಂದ ಯಾರಾದರೂ ಅದನ್ನು ಒತ್ತಿ ಹಿಡಿಯಬೇಕಿತ್ತು. ಯಾರಾದರೂ ಎಂದರೆ ಇನ್ನು ಯಾರು? ಬಾನೆಟ್ ಎತ್ತಿ ಜತ್ತಪ್ಪ ತಲೆ ಒಳಗೆ ಹಾಕಿದ. ಸ್ವರ ಬಂತು. ಕಾರಿನೊಳಗಿದ್ದವರಿಗೆ ಪರದೆ ಹೋಯಿತು.

"ನಾವು ನಿನ್ನ ಬಾನೆಟ್ ನೋಡ್ಲಿಕ್ಕೆ ಬಂದದ್ದಾ?" ಎಂದು ಸೇಸಮ್ಮ ಮಂಡಿನೋವು ಮರೆತು ಇಳಿದರು. ಎಲ್ಲರೂ ಪಕ್ಕದ ಹುಕ್ರಪ್ಪನ ಗಾಡಿ ಹತ್ತಿದರು, ಸುಂದರಿಯೂ.

ಒಮ್ಮೆ ಇಣುಕುವ ಎಂದು ಜತ್ತಪ್ಪ ಕತ್ತು ಎತ್ತಿದ. ತಂತಿ ಜಾರಿತು, ನಾಯಕ ಅರ್ಧ ಮಾತಿನಲ್ಲಿ ಮೂಕನಾದ. "ಜತ್ತಪ್ಪಾ!" ಎಂದು ಇಪ್ಪತ್ತಮೂರು ಗಾಡಿಗಳೂ ಒಟ್ಟಿಗೆ ಬೊಬ್ಬೆ ಹಾಕಿದವು. ಆಮೇಲೆ ಅವನು ಕತ್ತು ಎತ್ತಲಿಲ್ಲ.

ಆಟ ಮುಗಿದಾಗ ಸಾಹೇಬರು ಅವನನ್ನು ಅಪ್ಪಿಕೊಂಡರು. "ಇನ್ನು ಎಂಟು ದಿನ ಆಟ ಇಲ್ಲೇ, ನಿಮ್ಮಿಂದಾಗಿ! ಬ್ಯಾಟರಿಯೊಟ್ಟಿಗೆ ನೀವು ದಿನಾ ಬಂದರೆ ಆಯಿತು."

ಊರಿಗೆ ಸಿನೆಮಾ ಉಳಿಸಿಕೊಟ್ಟ ಜತ್ತಪ್ಪ ಎದೆಯುಬ್ಬಿಸಿ ಕಾರು ಹತ್ತಿದ. ಕಾರು ಹೊರಡಲಿಲ್ಲ. ಹುಕ್ರಪ್ಪ ಹಗ್ಗ ಹಾಕಿ ಅದನ್ನು ತನ್ನ ಗಾಡಿಯ ಹಿಂದೆ ಕಟ್ಟಿದ. ಸ್ಟಿಯರಿಂಗ್ ಹಿಡಿದು ಜತ್ತಪ್ಪ ಒಬ್ಬನೇ ಕೂತ. ಮುಂದಿನ ಗಾಡಿಯಿಂದ ಸುಂದರಿ ತಿರುಗಿದಳು. ಅಷ್ಟು ಸಂತೋಷದ ಮುಖವನ್ನು ಅವನು ಆರು ವರ್ಷದಲ್ಲಿ ಕಂಡಿರಲಿಲ್ಲ.

"ನೋಡಿ, ನಾಳೆಯೂ ಬರುವ! ಗಾಡಿಯಲ್ಲಿ ಕೂತರೆ ಎಷ್ಟು ಚಂದ ಕಾಣ್ತದೆ! ಅಲ್ಲ, ನೀವು ಹೇಳಿದ ಆ ಅಮೆರಿಕದವರು ಪಾಪ, ಕಾರಿನಲ್ಲಿ ಕೂತು ನೋಡುವುದಂತೆ. ಅಲ್ಲಿ ಎತ್ತಿನ ಗಾಡಿ ಇಲ್ವಾ?"