ಸಿಡಿದ ನಕ್ಷತ್ರಕ್ಕೊಂದು ಅರ್ಜಿ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಹಲ್ಲಿನ ಡಾಕ್ಟರ ಫೋನು ಬಂತು. ಅವರಿಗೆ ತಾರಸಿಯ ಮೇಲಿನ ದೂರದರ್ಶಕದ ಹುಚ್ಚು.

"ಸ್ವಾಮಿ, ರಾತ್ರಿ ನಿಮ್ಮ ನಕ್ಷತ್ರ ಸಿಡೀತು!"

ಖಗೋಳ ಸಂಶೋಧಕ ಬಾಯಿ ತೊಳೆಯುವುದನ್ನೂ ಮರೆತು ಸಂಸ್ಥೆಗೆ ಓಡಿದ. ಅವನು ಅಭ್ಯಾಸ ಮಾಡುತ್ತಿದ್ದದ್ದು ಜೋಡಿ ನಕ್ಷತ್ರ. ಸತ್ತು ಕುಗ್ಗಿದ ಶ್ವೇತಕುಬ್ಜವೊಂದು ಮನೆ ಅಳಿಯನ ಹಾಗೆ ಕೂತು ಪಕ್ಕದ ನಕ್ಷತ್ರದ ಅನಿಲ ಹೀರುತ್ತಿರುತ್ತದೆ. ಸುತ್ತ ಗುಡ್ಡೆಬಿದ್ದದ್ದು ಎಂದೋ ಒಂದು ದಿನ ಭಗ್ಗೆಂದು ಹೊತ್ತಿ, ವಾರದೊಳಗೆ ಆರುತ್ತದೆ. ಅದನ್ನು ನೇರಳಾತೀತ ಬೆಳಕಿನಲ್ಲಿ ನೋಡಲು ಅವನು ಮೂರು ವರ್ಷ ಕಾದಿದ್ದ. ಆ ಬೆಳಕನ್ನು ಗಾಳಿ ನೆಲಕ್ಕೆ ಬಿಡದು. ಉಪಗ್ರಹದ ಕ್ಯಾಮೆರಾವೇ ಬೇಕು. ತಿಂಗಳ ಕೊನೆಗೆ ಅವನ ನೌಕರಿಯ ಅವಧಿ ಮುಗಿಯುತ್ತಿತ್ತು. ಅಷ್ಟರೊಳಗೆ ಅವನ ಹೆಸರಲ್ಲೊಂದು ಹೊಸ ಫಲಿತಾಂಶ ಬರಬೇಕು; ಇಲ್ಲದಿದ್ದರೆ ಮನೆ.

ಕ್ಯಾಮೆರಾ ಕಾಯುವ ಮೇಡಂ ತಲೆಯಾಡಿಸಿದರು. "ಇಷ್ಟು ಬೆಳಕಿಗೆ ಕ್ಯಾಮೆರಾ ಕಣ್ಣೇ ಸುಟ್ಟುಹೋಗತ್ತೆ. ತಣ್ಣಗಾದ್ಮೇಲೆ ಬನ್ನಿ."

"ತಣ್ಣಗಾದ್ರೆ ನೋಡೋಕೇನಿದೆ ಮೇಡಂ?"

"ಅದು ನಿಮ್ಮ ಕಷ್ಟ. ಮಿತಿಯೊಳಗಿದೆ ಅಂತ ಅಳತೆ ತನ್ನಿ."

ಡಾಕ್ಟರು ಯಾರದೋ ಬಾಯಿ ತೆರೆಸಿಟ್ಟುಕೊಂಡೇ ಫೋನಿನಲ್ಲಿ ರಾತ್ರಿಯ ಅಳತೆ ಹೇಳಿದರು. ಮಿತಿಗಿಂತ ಕೂದಲೆಳೆಯಷ್ಟು ಕಡಿಮೆ. ಮೇಡಂ ಒಪ್ಪಿದರು.

ಉಳಿದದ್ದು ಅರ್ಜಿ. ಪಕ್ಕದ ಮೇಜಿನವನು, ಕೇಳದೆಯೇ ಸಲಹೆ ಕೊಟ್ಟು 'ಸಲಹೆಗಾರ' ಎನಿಸಿಕೊಂಡವನು, ಕುರ್ಚಿ ಎಳೆದುಕೊಂಡು ಬಂದ. "ಮೊದಲನೇ ಚೌಕ ಅಂದ್ರೆ ಮಾಹಿತಿ ಒಂದು ವರ್ಷ ನಿನಗೊಬ್ಬನಿಗೇ, ಆದ್ರೆ ಒಪ್ಪಿಗೆಗೆ ಮೂರು ವಾರ. ಎರಡನೇದಾದ್ರೆ ಒಪ್ಪಿಗೆ ಇವತ್ತೇ, ಮಾಹಿತಿ ಬಂದ ಕೂಡಲೇ ಎಲ್ಲರಿಗೂ ಮುಕ್ತ. ಎರಡನೇದಕ್ಕೇ ಗುರುತು ಹಾಕಯ್ಯ. ಮೂರು ವಾರ ಬಿಟ್ಟು ಬೂದಿ ನೋಡ್ತೀಯಾ?"

"ಯಾರಾದ್ರೂ ನನಗಿಂತ ಮೊದಲೇ ಬರೆದ್ಬಿಟ್ರೆ?"

"ನಿನ್ನ ಕುಬ್ಜ ಯಾರಿಗೆ ಬೇಕೋ ಮಹರಾಯ!"

ಗುರುತು ಬಿತ್ತು. ಮುಖ್ಯಸ್ಥರ ಸಹಿಗಾಗಿ ಬಾಗಿಲಲ್ಲಿ ಎರಡು ಗಂಟೆ ನಿಂತದ್ದೂ, ಊಟ ತಪ್ಪಿದ್ದೂ ಆಯಿತು. ನಾಲ್ಕಕ್ಕೆ ಮಾಹಿತಿ ಇಳಿಯಿತು. ಪರದೆಯ ಮೇಲೆ ಬೆಳಕಿನ ಅಳತೆಯ ಗೆರೆ ಏಣಿ ಹತ್ತಿದಂತೆ ಏರಿತ್ತು. ಅವನ ಕಣ್ಣು ತುಂಬಿತು.

"ಶಭಾಷ್!" ಎಂದರು ಮುಖ್ಯಸ್ಥರು. "ಮೊದಲು ವೀಕ್ಷಣೆಯ ಸಮಾಪ್ತಿ ನಮೂನೆ ತುಂಬಿಕೊಡಿ, ನಾನು ಆರಕ್ಕೆ ಹೊರಡಬೇಕು."

"ಸರ್, ಒಂದೇ ಗಂಟೆ. ಫಲಿತಾಂಶ ಬರೆದು..."

"ನಕ್ಷತ್ರ ಎಲ್ಲಿಗ್ರೀ ಓಡಿಹೋಗತ್ತೆ?"

ನಮೂನೆ ಎಂಟು ಪುಟ. 'ವೀಕ್ಷಿತ ವಸ್ತುವಿನಿಂದ ಸಹಕಾರ ದೊರೆಯಿತೇ?' ಎಂಬಲ್ಲಿ ಅವನು ಸುಸ್ತಾಗಿ 'ಹೌದು' ಎಂದು ಬರೆದ. ಕೊನೆಯ ಪುಟ ಮುಟ್ಟುವಾಗ ಹೊರಗೆ ಚಪ್ಪಾಳೆ. ಮುಕ್ತ ಮಾಹಿತಿ ತೆಗೆದುಕೊಂಡು ಸಲಹೆಗಾರ ತನ್ನ ಹೆಸರಲ್ಲೇ ಫಲಿತಾಂಶ ಪ್ರಕಟಿಸಿಬಿಟ್ಟಿದ್ದ.

ಮುಖ್ಯಸ್ಥರು ನಮೂನೆ ತಿರುವಿ ಮೆಚ್ಚಿದರು. "ಎಷ್ಟು ಅಚ್ಚುಕಟ್ಟು! ಫಲಿತಾಂಶ ಇಲ್ದಿದ್ರೂ ನಿಮ್ಮನ್ನ ಬಿಡೋ ಮಾತೇ ಇಲ್ಲ, ಬೇರೆ ಕೆಲಸ ಕೊಡ್ತೀನಿ."

ಸಂಜೆ ಹೆಂಡತಿ ಫೋನು ಮಾಡಿದಳು. "ನೌಕರಿ ಏನಾಯ್ತು ರೀ?"

"ಉಳೀತು."

"ಮತ್ತೆ ದನಿ ಯಾಕೆ ಹೀಗಿದೆ?"

"ಸಲಹೆಗಾರನಿಗೆ ಅರ್ಜಿ ತುಂಬಿಕೊಡೋ ನೌಕರಿ ಕಣೇ."